ತೆರಪಿನಲ್ಲಿ ಬಿದ್ದ ಹೆಸರು: ಸರ್ವರ್ ಸಂದೇಶಗಳ ಕನ್ನಡಾನುವಾದವನ್ನು ಕುರಿತು

ಬಹುಭಾಷೆಯ ಜಾಲತಾಣಗಳಲ್ಲಿ ಕಾಣಬರುವ ಕನ್ನಡವು ಎರಡು ಬಗೆಯದು. ಪುಟದ ತಲೆಬರಹ, ಗುಂಡಿಗಳ ಹೆಸರು ಮೊದಲಾದುವು ಒಮ್ಮೆ ಬರೆದಿಟ್ಟ ಸ್ಥಿರವಾದ ಮಾತುಗಳು; ಇವುಗಳ ಅನುವಾದವು ಬಹುಮಟ್ಟಿಗೆ ಸಮರ್ಪಕವಾಗಿದೆ. ಬಳಕೆದಾರನ ಕೋರಿಕೆಗೆ ಉತ್ತರವಾಗಿ ಸರ್ವರ್ ಆಗಿಂದಾಗ ರಚಿಸಿ ಕಳುಹುವ ಸಂದೇಶಗಳ ಸ್ಥಿತಿ ಹಾಗಿಲ್ಲ.

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿದಾಗ ಅವನಿಗೆ ದೊರೆತ ಉತ್ತರವಿದು: ‘ಆದಾಯ ಪ್ರಮಾಣಪತ್ರ ಅನ್ನು ಅಮಾನ್ಯ ೨ ದಿನಗಳು.’ ಎರಡು ದಿನಗಳೊಳಗೆ ಮತ್ತೊಂದು ಪ್ರತಿಯನ್ನು ಸಲ್ಲಿಸತಕ್ಕದ್ದೆಂಬುದು ಇದರ ಅಭಿಪ್ರಾಯ. ಪ್ರಮಾಣಪತ್ರದ ಅವಧಿ ಮುಗಿದು ಎರಡು ದಿನವಾಯಿತೆಂದು ತಿಳಿದ ಹುಡುಗನು ಸುಮ್ಮನಾದನು.

ಇಂಥ ವಾಕ್ಯವನ್ನು ಯಾವ ಅನುವಾದಕನೂ ಬರೆದಿರಲಾರನು. ಮೂರು ತುಂಡುಗಳನ್ನು ಬೇರೆಬೇರೆಯಾಗಿ ಅನುವಾದಿಸಿ, ಯಂತ್ರವು ಇಂಗ್ಲಿಷಿನ ಕ್ರಮದಲ್ಲಿ ಅವನ್ನು ಜೋಡಿಸಿದೆ. ಇಂಗ್ಲಿಷಿನಲ್ಲಿ ಪದದ ಸ್ಥಾನವೇ ಸಂಬಂಧವನ್ನು ತಿಳಿಸುವುದರಿಂದ ನಾಮಪದವನ್ನು ತೆರಪಿನಲ್ಲಿ ಇಳಿಬಿಟ್ಟರೆ ಸಾಕು. ಕನ್ನಡದಲ್ಲಿ ‘ಪತ್ರವನ್ನು’, ‘ಅರ್ಜಿಯನ್ನು’, ‘ರಾಮನನ್ನು’ ಎಂದು ಬೆಸುಗೆಯು ಪದಪದಕ್ಕೂ ಬದಲಾಗುತ್ತದೆ. ಮುಂದೆ ಯಾವ ಪದ ಬೀಳುವುದೋ ಅರಿಯದ ಅನುವಾದಕನು ‘ಅನ್ನು’ ಎಂಬುದನ್ನು ಒಂಟಿಯಾಗಿ ನಿಲ್ಲಿಸುತ್ತಾನೆ.

೧೯೯೫ರಲ್ಲಿ ಹೊರಬಂದ ಗ್ನೂ ಗೆಟ್‌ಟೆಕ್ಸ್ಟ್ ಪದ್ಧತಿಯು ತತ್ತ್ವತಃ ನಿರ್ದುಷ್ಟವಾದುದು. ಅದು ಇಡೀ ಇಂಗ್ಲಿಷ್ ವಾಕ್ಯವನ್ನೇ ಕೀಲಿಯಾಗಿ ಹಿಡಿಯುತ್ತದೆ. ತೆರಪುಗಳ ಕ್ರಮವನ್ನು ಬದಲಿಸಲು ಅವಕಾಶವಿದೆ. ಅನುವಾದಕನಿಗೆ ಟಿಪ್ಪಣಿ ಬರೆದಿಡಲು ಸ್ಥಳವೂ ಇದೆ. ಆದರೆ ತಂತ್ರಾಂಶಕಾರನೇ ವಾಕ್ಯವನ್ನು ಮುರಿದಿಟ್ಟರೆ ಪದ್ಧತಿಯು ಏನು ಮಾಡೀತು? ವಚನಭೇದದ ವಿಷಯದಲ್ಲಿ ಬಹಳ ಚರ್ಚೆ ನಡೆದಿದೆ. ಯೂನಿಕೋಡಿನ ಭಾಷಾಕೋಶವು ಕನ್ನಡದ ಸೊನ್ನೆಯನ್ನು ಒಂದರ ಪಂಕ್ತಿಯಲ್ಲಿರಿಸಿದೆ. ನಮಗಾದರೋ ಅದು ದೊಡ್ಡ ತೊಡಕಲ್ಲ, ‘ಮೂರು ದಿನ’ ಎಂದರೂ ನಡೆಯುತ್ತದೆ. ವಿಭಕ್ತಿಯೇ ತೊಡಕು.

ಇದಕ್ಕೆ ಪರಿಹಾರವು ನಮ್ಮ ಹಳೆಯ ಕಾಗದಪತ್ರಗಳಲ್ಲಿಯೇ ಉಂಟು. ಅಚ್ಚಾದ ಸಮನ್ಸು, ಕರಾರುಪತ್ರಗಳಲ್ಲಿ ಹೆಸರಿಗೆ ತೆರಪು ಬಿಟ್ಟು ಮುಂದೆ ‘ಎಂಬುವರಿಗೆ’ ಎಂದಿರುತ್ತದೆ. ಹೆಸರು ಕದಲದು; ಪ್ರತ್ಯಯವು ‘ಎಂಬುವರು’ ಎಂಬುದಕ್ಕೆ ಹತ್ತುತ್ತದೆ. ಅವನೋ ಅವಳೋ ಎಂಬ ಸಂದೇಹವೂ ಅಲ್ಲಿಗೇ ತೀರುತ್ತದೆ. ಇದರಲ್ಲಿ ಕಚೇರಿಯ ವಾಸನೆಯಿದೆ ಎನ್ನುವವರುಂಟು, ಇರಲಿ. ಮುರಿದ ಕನ್ನಡಕ್ಕಿಂತ ಬಿಗಿದ ಕನ್ನಡ ಲೇಸು. ಆದರೆ ತೆರಪಿನಲ್ಲಿ ಬೀಳುವುದು ವ್ಯಕ್ತಿಯೋ ಕಡತವೋ ದಿನಾಂಕವೋ ಎಂಬುದನ್ನು ಅನುವಾದಕನಿಗೆ ಮೊದಲೇ ತಿಳಿಸಬೇಕು.

ಸರ್ವರ್ ವಾಕ್ಯವನ್ನು ರಚಿಸದೆ ದೋಷದ ಗುರುತನ್ನೂ ವಿವರಗಳನ್ನೂ ಮಾತ್ರ ಕಳುಹಿ, ಭಾಷೆಯನ್ನು ಪುಟಕ್ಕೆ ಬಿಡಬೇಕೆಂಬ ಇನ್ನೊಂದು ಪಕ್ಷವಿದೆ. ೨೦೨೩ರ ಆರ್‌ಎಫ್‌ಸಿ ೯೪೫೭ ಕೂಡ ದೋಷದ ಗುರುತನ್ನೂ ಜನರು ಓದುವ ವಿವರಣೆಯನ್ನೂ ಬೇರ್ಪಡಿಸಿದೆ. ಇದು ಯುಕ್ತವೇ. ಆದರೆ ಸರ್ವರ್ ತಾನಾಗಿ ಕಳುಹುವ ಇ-ಅಂಚೆಗೆ ಮುಂದೆ ಪುಟವೆಂಬುದಿಲ್ಲ. ಬ್ರೌಸರ್ ಬಂದು ತನ್ನ ಭಾಷೆಯನ್ನು ತಿಳಿಸುವ ಸಂದರ್ಭವೂ ಇಲ್ಲ. ಅರ್ಜಿದಾರನು ಆಯ್ದ ಭಾಷೆಯನ್ನು ಅವನ ಹೆಸರಿನೊಡನೆ ಬರೆದಿಟ್ಟುಕೊಳ್ಳದಿದ್ದರೆ ಅಲ್ಲಿ ಇಂಗ್ಲಿಷೇ ಹೊರಡುವುದು. ಗಡುವು ಕಳೆದ ಮೇಲೆ ನಮ್ಮ ವಿದ್ಯಾರ್ಥಿಗೆ ಬಂದ ಎರಡನೆಯ ಸೂಚನೆಯು ಇಂಗ್ಲಿಷಿನಲ್ಲಿಯೇ ಇದ್ದಿತು.