ಘಟ್ಟದ ಜೀಪಿನಲ್ಲಿ ನಿಸ್ತಂತು: ಸೂತ್ರ ಎಲ್ಲಿ ತಪ್ಪುತ್ತದೆ?

ವಾಹನದಲ್ಲಿ ಅಳವಡಿಸುವ ದ್ವಿಮುಖ ರೇಡಿಯೊವನ್ನು ಪೊಲೀಸ್ ಇಲ್ಲವೇ ಅರಣ್ಯ ಇಲಾಖೆಯ ಜೀಪಿನಲ್ಲಿ ನೀವು ನೋಡಿರಬಹುದು. ಪರೀಕ್ಷೆ ಬರೆದು ಪರವಾನಗಿ ಪಡೆದ ಹವ್ಯಾಸಿಗಳೂ ಇದನ್ನು 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬಳಸುತ್ತಾರೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಅರಬೈಲ್ ಘಟ್ಟದ ರಸ್ತೆಯೂ ಹಾಳಾಯಿತು. ಅಂಥ ಮಳೆಯಲ್ಲಿ ವಿದ್ಯುತ್ ಹೋಗಿ ಮೊಬೈಲ್ ಗೋಪುರ ಮೌನವಾದರೆ ಈ ಪುಟ್ಟ ಪೆಟ್ಟಿಗೆಯೇ ಆಸರೆ. ಆದರೆ ಇದು ಎಷ್ಟು ದೂರ ಮುಟ್ಟುತ್ತದೆ? ನಮ್ಮ ಪಠ್ಯಪುಸ್ತಕವೂ ಸೆಟ್ಟಿನ ಕೈಪಿಡಿಯೂ ಇದಕ್ಕೆ ಬಯಲುಸೀಮೆಯ ಉತ್ತರ ಕೊಡುತ್ತವೆ.

ದ್ವಿತೀಯ ಪಿಯುಸಿ ಭೌತವಿಜ್ಞಾನದಲ್ಲಿ ಹಲವು ವರ್ಷ ಪಾಠವಾಗಿದ್ದ ಸೂತ್ರ ನೆನಪಿದೆಯೇ? ಭೂಮಿಯ ತ್ರಿಜ್ಯವನ್ನು ಆಂಟೆನಾದ ಎತ್ತರದಿಂದ ಗುಣಿಸಿ, ಇಮ್ಮಡಿಸಿ, ವರ್ಗಮೂಲ ತೆಗೆದರೆ ಅಲೆ ತಲುಪುವ ದೂರ ಸಿಗುತ್ತದೆ. ಶಿರಸಿಯ ಜೀಪಿಗೆ ಇದನ್ನು ಅನ್ವಯಿಸಿ. ಆಂಟೆನಾ ನೆಲದಿಂದ 2 ಮೀಟರ್ ಎತ್ತರದಲ್ಲಿದ್ದರೆ ಉತ್ತರ ಸುಮಾರು 5 ಕಿಲೋಮೀಟರ್. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆಯಲ್ಲ ಎಂದು ಆ ಸಂಖ್ಯೆಯನ್ನು ಹಾಕಿದರೆ 87 ಕಿಲೋಮೀಟರ್! ಒಂದೇ ಜೀಪು, ಒಂದೇ ಸೂತ್ರ, ಎರಡು ಉತ್ತರ. ಎರಡೂ ಕೆಲಸಕ್ಕೆ ಬಾರವು. ಸೂತ್ರ ಸುಳ್ಳಲ್ಲ. ಅದು ನುಣುಪಾದ ಗೋಳದ ಮೇಲಿನ ಟಿವಿ ಗೋಪುರಕ್ಕೆ ಹೇಳಿದ್ದು. ದೇವಿಮನೆ ಘಟ್ಟ ಇಳಿಯುವ ಜೀಪಿಗೆ ಅಡ್ಡಿಯಾಗುವುದು ಭೂಮಿಯ ದುಂಡುತನವಲ್ಲ, ಪಕ್ಕದ ಗುಡ್ಡ. ಸಿದ್ದಾಪುರದ ಕಡೆ ಅಘನಾಶಿನಿಯ ಕಣಿವೆಗೆ ಇಳಿದರೂ ಇದೇ ಕಥೆ.

ಶಿಕ್ಷಕರು ಸೂತ್ರದ ಬದಲು ಸಮೋನ್ನತ ರೇಖೆಗಳ ನಕ್ಷೆಯನ್ನು ತರಗತಿಗೆ ತರಲಿ. ಎರಡು ಊರುಗಳ ನಡುವೆ ಗೆರೆ ಎಳೆದು ನೆಲದ ಅಡ್ಡಕೊಯ್ತ ಬರೆಸಲಿ. ಗೆರೆಗೆ ಗುಡ್ಡ ತಾಗದಿದ್ದರೆ ಸಾಕೇ? ಸಾಲದು. 145 ಮೆಗಾಹರ್ಟ್ಸ್ ಅಲೆಯ ಉದ್ದ 2.07 ಮೀಟರ್. 10 ಕಿಲೋಮೀಟರ್ ದಾರಿಯ ನಡುಮಧ್ಯದಲ್ಲಿ ಗೆರೆಯ ಸುತ್ತ ಸುಮಾರು 72 ಮೀಟರ್ ತ್ರಿಜ್ಯದ ಜಾಗದ ಬಹುಭಾಗ ತೆರವಾಗಿರಬೇಕು. ಗುಡ್ಡದ ನೆತ್ತಿ ಗೆರೆಗೆ ಸರಿಯಾಗಿ ತಾಗಿದಾಗಲೇ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆಳವಾದ ನೆರಳಿನಲ್ಲಿ ಅದು ನೂರರಲ್ಲಿ, ಸಾವಿರದಲ್ಲಿ ಒಂದು ಪಾಲಾಗಬಹುದು. 5 ವ್ಯಾಟಿನ ಸೆಟ್ಟು ಬಿಟ್ಟು 50 ವ್ಯಾಟಿನದು ಕೊಂಡರೆ ಸಿಗುವುದು ಹತ್ತು ಪಟ್ಟು ಮಾತ್ರ. ಎತ್ತರದ ಗುಡ್ಡದ ಮೇಲೊಂದು ಪುನರಾವರ್ತಕ ಕೇಂದ್ರವಿದ್ದರೆ 5 ವ್ಯಾಟಿನಲ್ಲೇ ಕೆಲಸ ನಡೆದೀತು.

ಇನ್ನು ಕೈಪಿಡಿ. ಆಂಟೆನಾವನ್ನು ಲೋಹದ ಚಾವಣಿಯ ನಡುವೆ ಕೂರಿಸಿ ಎನ್ನುತ್ತದೆ. ಸರಿಯೇ, ಕಾಲು ತರಂಗಾಂತರದ, ಅಂದರೆ ಅರ್ಧ ಮೀಟರಿನ ಕಡ್ಡಿಗೆ ಚಾವಣಿಯೇ ಉಳಿದರ್ಧ ಆಂಟೆನಾ. ಆದರೆ ಮಲೆನಾಡಿನ ಹಳೆಯ ಜೀಪುಗಳಿಗೆ ತಾಡಪಾಲಿನ ಚಾವಣಿ! ಬಂಪರಿಗೆ ಕಟ್ಟಿದರೆ ಜೀಪಿನ ಮೈಯೇ ಒಂದು ಕಡೆಗೆ ಅಡ್ಡ. ಚೌಕಟ್ಟಿನ ಮೇಲೆ ಒಂದು ಮೀಟರ್ ಚೌಕದ ತಗಡು ಬಿಗಿದು ಅದರ ನಡುವೆ ಕಡ್ಡಿ ನಿಲ್ಲಿಸುವುದು ಮೇಲು. ತಗಡು ಯಾಕೆ ಅಷ್ಟೇ ಅಗಲ? ನಡುವಿನಿಂದ ಅಂಚಿಗೆ ಅರ್ಧ ಮೀಟರ್ ಬೇಕು, ಅದಕ್ಕೆ.

ವಿದ್ಯುತ್ ಸಿಗರೇಟ್ ಹಚ್ಚುವ ಸಾಕೆಟ್ಟಿನಿಂದ ಬೇಡ, ನೇರ ಬ್ಯಾಟರಿಯಿಂದಲೇ ಬರಲಿ. 50 ವ್ಯಾಟಿನ ಸೆಟ್ಟು ಮಾತಾಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. 1 ಚದರ ಮಿಲಿಮೀಟರಿನ ತಂತಿ, ಹೋಗಿ ಬರುವ ದಾರಿ 8 ಮೀಟರ್ ಎಂದಾದರೆ 1.4 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 2.5ರದ್ದಾದರೆ 0.6 ವೋಲ್ಟ್ ಮಾತ್ರ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಇಲ್ಲದಿದ್ದರೆ ತಂತಿ ಎಲ್ಲಾದರೂ ಉಜ್ಜಿ ಮೈಗೆ ತಾಗಿದಾಗ ಜೀಪೇ ಹೊತ್ತಿಕೊಂಡೀತು. ಲಾರಿಯಲ್ಲಿ 24 ವೋಲ್ಟ್ ಇರುತ್ತದೆ. ಅದರ ಎರಡು ಬ್ಯಾಟರಿಗಳಲ್ಲಿ ಒಂದರಿಂದಷ್ಟೇ 12 ವೋಲ್ಟ್ ಕದಿಯುವ ಮೆಕ್ಯಾನಿಕ್ಕಿನ ಉಪಾಯ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ, ಪರಿವರ್ತಕ ಹಾಕಿಸಿ.

ಬಳಸುವಾಗ ಗಾಡಿ ನಿಲ್ಲಿಸಿ. ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತಾಡಿ. ಕೂಡಲೇ ಶುರುಮಾಡಿದರೆ ಮೊದಲ ಪದ ಆ ಕಡೆ ಕೇಳುವುದಿಲ್ಲ. ತಿರುವಿನಲ್ಲಿ ದನಿ ಸತ್ತಿದ್ದರೆ ಗಾಡಿಯನ್ನು ಅರ್ಧ ಮೀಟರ್ ಮುಂದೆ ಸರಿಸಿ ನೋಡಿ. ಗುಡ್ಡಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸುವ ತಾಣಗಳ ನಡುವೆ ಅಂತರ ಹೆಚ್ಚಾಗಿ ಅರ್ಧ ತರಂಗಾಂತರದ ಆಸುಪಾಸಿನಲ್ಲಿರುತ್ತದೆ.