ಅಣ್ಣ ಬಿಟ್ಟ ಲಾರಿ

ಅಭಿಷೇಕ್ ಚೌಬೆ ನಿರ್ದೇಶನದ ಹಿಂದಿ ಚಿತ್ರ 'ಉಡ್ತಾ ಪಂಜಾಬ್' 2016ರಲ್ಲಿ ಸೆನ್ಸಾರ್ ವಿವಾದದಿಂದ ಸುದ್ದಿಯಾಯಿತು. ಕೊನೆಗೆ ಒಂದೇ ಒಂದು ಕತ್ತರಿಯೊಂದಿಗೆ ಬಿಡುಗಡೆಗೆ ದಾರಿ ಮಾಡಿಕೊಟ್ಟದ್ದು ಬಾಂಬೆ ಹೈಕೋರ್ಟ್. ಆ ಗದ್ದಲದಲ್ಲಿ ಚಿತ್ರದೊಳಗಿನ ಒಂದು ಮನೆಯ ಕತೆ ಮರೆಗೆ ಸರಿಯಿತು.

ಸರ್ತಾಜ್ (ದಿಲ್ಜಿತ್ ದೋಸಾಂಝ್) ಪೊಲೀಸ್ ಅಧಿಕಾರಿ. ಮಾಮೂಲು ಪಡೆದು ಮಾದಕ ದ್ರವ್ಯದ ಲಾರಿಗಳನ್ನು ಚೆಕ್‌ಪೋಸ್ಟ್ ದಾಟಿಸುವವನು. ಹದಿಹರೆಯದ ತಮ್ಮ ಬಲ್ಲಿ ಅದೇ ಚಟಕ್ಕೆ ಬಿದ್ದಿದ್ದಾನೆಂದು ಅವನಿಗೆ ಅರಿವಾಗುವಾಗ ಹುಡುಗನ ಪ್ರಾಣಕ್ಕೇ ಅಪಾಯ ಬಂದಿರುತ್ತದೆ. ಅಣ್ಣನಿಗೆ ಪ್ರೀತಿಯಿರಲಿಲ್ಲವೇ? ಇತ್ತು. ತಮ್ಮನ ಮುಖ ನೋಡುವ ಪುರುಸೊತ್ತಿರಲಿಲ್ಲ.

ಇಷ್ಟನ್ನು ಕಾಣಿಸಿದ ಚಿತ್ರ ಮುಂದೆ ಎಡವುತ್ತದೆ. ಬಲ್ಲಿಯನ್ನು ಡಾ. ಪ್ರೀತ್‌ಳ (ಕರೀನಾ ಕಪೂರ್) ಕೇಂದ್ರಕ್ಕೆ ಸೇರಿಸಿದ್ದೇ ತಡ, ಕತೆ ಅಣ್ಣ ಮತ್ತು ವೈದ್ಯೆಯ ಪತ್ತೇದಾರಿಯ ಬೆನ್ನು ಹತ್ತುತ್ತದೆ. ಹುಡುಗನ ಮನಸ್ಸಿನಲ್ಲೇನಿತ್ತು ಎಂದು ವಿಚಾರಿಸಲು ಅದಕ್ಕೂ ಪುರುಸೊತ್ತಿಲ್ಲ. ಕೊನೆಯಲ್ಲಿ ಕೇಂದ್ರದಿಂದ ಓಡಲೆತ್ನಿಸುವ ಬಲ್ಲಿಯ ಕೈಯಿಂದಲೇ ವೈದ್ಯೆ ಸಾಯುತ್ತಾಳೆ. ಈ ತಿರುವು ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಆದರೆ ಹುಡುಗ ಮಾತ್ರ ನಮಗೆ ಅಪರಿಚಿತನಾಗಿಯೇ ಉಳಿಯುತ್ತಾನೆ.

ಆದರೂ ಈ ಚಿತ್ರವನ್ನು ನಾವು ನೋಡಬೇಕು. ತಂದೆ ಗಲ್ಫ್‌ನಲ್ಲಿ, ಮಗ ತಾಯಿ ಅಥವಾ ಅಜ್ಜಿಯ ಆಸರೆಯಲ್ಲಿ - ಇಂತಹ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ಹುಡುಗ ದಾರಿ ತಪ್ಪಿದರೆ 'ಗಂಡಸಿಲ್ಲದ ಮನೆ' ಎಂದು ಷರಾ ಬರೆದು, ತಾಯಿಯತ್ತ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತೇವೆ. ಲಾರಿ ಬಿಟ್ಟವರಾರೆಂದು ಕೇಳುವುದಿಲ್ಲ.

ಬಲ್ಲಿಯ ಮನೆಯಲ್ಲಿ ಗಂಡಸಿದ್ದ. ಅದೂ ಖಾಕಿ ತೊಟ್ಟವನು.