ವಕ್ಷಚಿತ್ರಗಳ ಪರಿಭಾಷೆ: ಒಂದು ವಿಮರ್ಶೆ

ಎದೆಯ ಕ್ಷಕಿರಣ ಹಾಗೂ ಸಿ.ಟಿ. ಚಿತ್ರಗಳನ್ನು ವರ್ಣಿಸುವ ಪದಗಳಿಗೆ ಖಚಿತಾರ್ಥವನ್ನು ನಿಗದಿಪಡಿಸಲು ಫ್ಲೈಷ್ನರ್ ಸೊಸೈಟಿಯು 2008ರಲ್ಲಿ ಪ್ರಕಟಿಸಿದ ಪದಕೋಶವು ಪ್ರಸಿದ್ಧವಾದುದು. ಅದರ ಪರಿಷ್ಕೃತ ರೂಪವು 2024ರಲ್ಲಿ ಬಂದಿದ್ದರೂ ನಮ್ಮ ಚರ್ಚೆ 2008ರ ಪಾಠವನ್ನು ಆಧರಿಸಿದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ತಗಲುವ ಅವಕಾಶವಾದಿ ಸೋಂಕುಗಳನ್ನು ಗುರುತಿಸುವುದಕ್ಕೆ ಅದು ಎಷ್ಟರಮಟ್ಟಿಗೆ ನೆರವಾದೀತೆಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಕಂಡುದನ್ನು ಕಂಡಂತೆ ಹೇಳಬೇಕೆಂಬ ಸಂಯಮ ಈ ಕೋಶದಲ್ಲಿದೆ. ಗಂಟಿನ ಸುತ್ತ ಮಬ್ಬುಗಾಜಿನಂತೆ ಕಾಣುವ 'ಪರಿವೇಷ'ವನ್ನೇ ನೋಡಬಹುದು. ರಕ್ತದ ಕ್ಯಾನ್ಸರಿನ ರೋಗಿಗಳ ಶ್ವಾಸಕೋಶವನ್ನು ಆಸ್ಪರ್ಜಿಲಸ್ ಎಂಬ ಶಿಲೀಂಧ್ರವು ಆಕ್ರಮಿಸಿದಾಗ ತೋರುವ ಈ ಗುರುತು 1985ರಲ್ಲಿ ವರ್ಣಿತವಾಯಿತು. ಶಿಲೀಂಧ್ರವು ರಕ್ತನಾಳಗಳನ್ನು ಭೇದಿಸಲು, ಸುತ್ತಲೂ ಒಸರುವ ರಕ್ತವೇ ಆ ಮಬ್ಬು. ಅರ್ಬುದ ಮೊದಲಾದ ಅನ್ಯ ಕಾರಣಗಳಿಂದಲೂ ಅದು ಉಂಟಾಗಬಹುದೆಂದು ಕೋಶವು ಎಚ್ಚರಿಸುತ್ತದೆ.

ಆದರೂ ನಮ್ಮ ಆಕ್ಷೇಪವೊಂದುಂಟು. ಅಕ್ಷರಾನುಕ್ರಮದ ಕೋಶದಲ್ಲಿ ಗುರುತುಗಳು ಕಾಲದಿಂದ ಬೇರ್ಪಟ್ಟು ನಿಲ್ಲುತ್ತವೆ. 'ಪರಿವೇಷ' ಒಂದೆಡೆ, 'ವಾಯುಚಂದ್ರಕಲೆ' ಇನ್ನೊಂದೆಡೆ. ಆಸ್ಪರ್ಜಿಲಸ್ ಪೀಡಿತನ ದೇಹದಲ್ಲಾದರೋ ಇವು ಒಂದೇ ಕಥೆಯ ಎರಡು ಅಧ್ಯಾಯಗಳು. ಬಿಳಿಯ ರಕ್ತಕಣಗಳು ತೀರ ಇಳಿದಿದ್ದಾಗ ಪರಿವೇಷ. ಅವು ಚೇತರಿಸಿಕೊಂಡು, ಸತ್ತ ಅಂಗಾಂಶವು ಕುಗ್ಗಿ, ತೆರವಿಗೆ ಗಾಳಿ ಹೊಕ್ಕಾಗ ಚಂದ್ರಕಲೆ. ಅನಭ್ಯಸ್ತ ಕಣ್ಣಿಗೆ ಇದು ಶ್ವಾಸಕೋಶದಲ್ಲಿ ಬಿದ್ದ ಹೊಸ ಕುಳಿ. ಬಲ್ಲವರಿಗೆ ಹೆಚ್ಚಾಗಿ ಚೇತರಿಕೆಯ ಸೂಚನೆ. ಇದನ್ನರಿಯದೆ, ಫಲಿಸುತ್ತಿರುವ ಔಷಧವನ್ನೇ ಬದಲಿಸಿದರೆ ನಷ್ಟ ರೋಗಿಯದು.

ಕ್ಷಯದ ನಿದರ್ಶನ ಇನ್ನೂ ಬೋಧಪ್ರದ. ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ ಬೀಳುವುದು ಬಹುಮಟ್ಟಿಗೆ ದೇಹದ ಪ್ರತಿರೋಧದ ಪರಿಣಾಮ. ಎಚ್.ಐ.ವಿ.ಯಿಂದ ಪ್ರತಿರೋಧ ತೀರ ಕುಂದಿದವರಲ್ಲಿ ಕುಳಿಗಳು ವಿರಳ; ಕಫದಲ್ಲಿ ಕ್ಷಯಾಣುಗಳಿದ್ದರೂ ಕ್ಷಕಿರಣ ಚಿತ್ರವು ನಿರ್ಮಲವಾಗಿ ತೋರುವುದುಂಟು. ಚಿತ್ರದಲ್ಲಿ ಮೂಡುವುದು ರೋಗಾಣುವಿನ ಕೃತ್ಯವೊಂದೇ ಅಲ್ಲ, ಅದಕ್ಕೆ ದೇಹವು ಕೊಟ್ಟ ಉತ್ತರವೂ ಹೌದು. ಉತ್ತರಿಸುವ ಶಕ್ತಿ ಉಡುಗಿದಾಗ ಚಿತ್ರವೂ ಮೌನ ತಾಳುತ್ತದೆ. ಆ ಮೌನವನ್ನು ಆರೋಗ್ಯವೆಂದು ಭ್ರಮಿಸಲಾಗದು.

ಪದಕೋಶದ ಧರ್ಮವೇ ಅರ್ಥನಿರ್ಣಯ, ಕಥನವಲ್ಲ ಎಂದು ಕೆಲವರು ಹೇಳಿಯಾರು. ಒಪ್ಪತಕ್ಕ ಮಾತೇ. ಆದರೆ ಸಂದರ್ಭವನ್ನು ಬಿಟ್ಟ ಅರ್ಥವು ಕಾವ್ಯದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಅಪೂರ್ಣ. ಮುಂದೆ ಕನ್ನಡದಲ್ಲಿ ಇಂಥ ಕೋಶವನ್ನು ರಚಿಸುವವರು ಪ್ರತಿಯೊಂದು ಗುರುತಿನ ಜೊತೆಗೆ ಅದು ಕಾಣುವ ಕಾಲವನ್ನೂ ರೋಗಿಯ ಪ್ರತಿರೋಧದ ಸ್ಥಿತಿಯನ್ನೂ ಒಂದೆರಡು ಸಾಲುಗಳಲ್ಲಿ ಸೇರಿಸಿದರೆ ವಿದ್ಯಾರ್ಥಿಗಳಿಗೆ ಮಹದುಪಕಾರವಾದೀತೆಂದು ನಾವು ನಂಬುತ್ತೇವೆ.